ದೊಡ್ಡ ಕೆಲಸ

ಶಾಲು, ಗಂಧದ ಹಾರ ಎರಡನ್ನೂ ಮಂಚದ ಮೇಲೆ ಹಾಕಿ ಜ್ಯೋತಿಲಕ್ಷ್ಮಿ ಅಡುಗೆಮನೆಗೆ ಬಂದಳು. ಅವ್ವ ನಾಗಲಕ್ಷ್ಮಮ್ಮ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಮಗಳು ಎದುರಿಗೆ ಕುಕ್ಕರಿಸಿದಳು.

“ಅವ್ವಾ, ದೇವ್ರು ನನ್ನ ಉಳಿಸಿದ್ದು ಇಷ್ಟಕ್ಕೇನಾ?”

ಮಾಗಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಅಂದು ನಿವೃತ್ತಿ. ಭಾಷಣಗಳಾದವು, ಖಾರಾಬೂಂದಿ ಹಂಚಿದರು, ಫೋಟೊ ತೆಗೆಸಿಕೊಂಡರು. ಸಂಜೆ ಬಸ್ಸಿನಲ್ಲಿ ಕುದೂರಿಗೆ ಬರುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಅದೊಂದೇ ಪ್ರಶ್ನೆ.

ಆರು ವರ್ಷದವಳಿದ್ದಾಗ ಅಣ್ಣ ಹೊನ್ನಗಂಗನ ಜೊತೆ ಕೆರೆಗೆ ಹೋಗಿದ್ದಳು. ಹೂಳು ತೆಗೆದ ಗುಂಡಿಗೆ ಇಬ್ಬರೂ ಜಾರಿದರು. ದನ ಮೇಯಿಸುತ್ತಿದ್ದವರು ಧುಮುಕಿ, ಮೊದಲು ಕೈಗೆ ಸಿಕ್ಕಿದ ಇವಳನ್ನು ದಡಕ್ಕೆ ಎಳೆದು ಹಾಕಿದರು. ಮತ್ತೆ ಮುಳುಗಿ ಅವನನ್ನು ತರುವ ಹೊತ್ತಿಗೆ ಉಸಿರು ನಿಂತಿತ್ತು.

ಅಲ್ಲಿಂದಾಚೆಗೆ ಅವ್ವನ ಬಾಯಲ್ಲಿ ಒಂದೇ ಮಾತು: “ಯಾವ್ದೋ ದೊಡ್ಡ ಕೆಲ್ಸಕ್ಕೆ ನಿನ್ನ ದೇವ್ರು ಉಳಿಸವ್ನೆ ಕಣವ್ವ.” ಆ ಕೆಲಸ ಯಾವುದೆಂದು ಹುಡುಕುತ್ತಲೇ ಜ್ಯೋತಿಲಕ್ಷ್ಮಿ ದೊಡ್ಡವಳಾದಳು. ಅದಕ್ಕೇ ನರ್ಸಿಂಗ್ ಓದಿದಳು, ಅದಕ್ಕೇ ಮದುವೆ ಬೇಡವೆಂದಳು. ಗೆಳತಿಯರು ಸಿನಿಮಾಕ್ಕೆ ಕರೆದರೆ ಹೋಗಲಿಲ್ಲ. ಜೋರಾಗಿ ನಕ್ಕರೆ ಅಣ್ಣನ ಪಾಲಿನದನ್ನು ಕದ್ದಂತಾಗುತ್ತಿತ್ತು. ಗಾಯ ತೊಳೆದಳು, ಇಂಜೆಕ್ಷನ್ ಕೊಟ್ಟಳು, ಬೇರೆಯವರ ಪಾಳಿಯನ್ನೂ ಮಾಡಿದಳು. ಇಗೋ, ಇದೇ ಅದು ಅನ್ನುವಂಥದ್ದು ಮಾತ್ರ ಎಂದೂ ಎದುರಾಗಲಿಲ್ಲ.

“ನಾನು ಮಾಡಿದ್ದು ಯಾರ್ ಬೇಕಾದ್ರೂ ಮಾಡೋ ಕೆಲ್ಸ ಅವ್ವಾ. ಹೊನ್ನಣ್ಣ ಇದ್ದಿದ್ರೆ ಇನ್ನೇನ್ ಮಾಡ್ತಿದ್ನೋ. ನೀನು ಹೇಳ್ತಿದ್ದ ದೊಡ್ಡ ಕೆಲ್ಸ ಯಾವ್ದು?”

ನಾಗಲಕ್ಷ್ಮಮ್ಮನ ಬೆರಳುಗಳು ನಿಂತವು. “ಅಯ್ಯೋ, ಅದ್ನ ಇನ್ನೂ ಮನ್ಸಲ್ಲಿ ಮಡಿಕ್ಕೊಂಡಿದ್ದೀಯಾ?”

“ಇನ್ನೇನು? ದಿನಾ ಹೇಳ್ತಿದ್ದೆ.”

“ನಿಂಗೆ ನೆಪ್ಪಿಲ್ಲ. ಹೊನ್ನನ್ನ ಮಣ್ಣು ಮಾಡಿ ಬಂದ್ಮೇಲೆ ನೀನು ಬಾಯಿಗೆ ಒಂದು ಅಗುಳು ಹಾಕ್ನಿಲ್ಲ. ‘ಅಣ್ಣ ಇಲ್ದೆ ನಾನ್ಯಾಕೆ ಉಳ್ಕೊಂಡೆ’ ಅಂತ ಕೇಳ್ತಿದ್ದೆ. ಆರು ವರ್ಸದ ಕೂಸು! ಏನೇಳ್ಲಿ ನಾನು? ಬಾಯಿಗೆ ಬಂದಿದ್ದು ಏಳ್ಬುಟ್ಟೆ. ಅದ್ನ ಕೇಳಿ ಒಂದು ತುತ್ತು ಉಂಡೆ. ಅದ್ಕೇ ಮಾರ್ನೆ ದಿನಾನೂ ಏಳ್ದೆ.”

“ಅಂದ್ರೆ ದೇವ್ರು ನನ್ನ ಏನಕ್ಕೂ ಉಳಿಸ್ಲಿಲ್ವಾ?”

“ಅವ್ನ ಇಚಾರ ನಂಗೇನ್ ಗೊತ್ತವ್ವ? ನನ್ ಇಚಾರ ಏಳ್ತೀನಿ. ನೀನು ಉಂಡಿದ್ದು ನೋಡಿ ನಾನೂ ಉಂಡೆ.”

ಆ ಮಾತನ್ನು ಒಂದು ಜೀವಮಾನ ಹೊತ್ತೆನಲ್ಲಾ ಎಂದು ಜ್ಯೋತಿಲಕ್ಷ್ಮಿಗೆ ಮೊದಲು ಸಿಟ್ಟು ಬಂತು. ಅದು ಇಳಿಯುತ್ತಿದ್ದಂತೆ, ಎಷ್ಟೋ ವರ್ಷಗಳ ಮೇಲೆ, ಹೊನ್ನ ಬದುಕಿದ್ದಾಗಿನಂತೆಯೇ ನೆನಪಾದ. ಮೊಣಕಾಲುದ್ದ ನೀರಲ್ಲಿ ನಿಂತು ಟವೆಲ್ಲಿನ ಒಂದು ಬದಿ ಅವನು, ಒಂದು ಬದಿ ಇವಳು. ‘ಬಿತ್ತು, ಬಿತ್ತು!’ ಎಂದು ಕಿರುಚಿ ಬಂದ ಮೀನನ್ನೂ ಓಡಿಸುತ್ತಿದ್ದ.

“ಒಂದು ಮೀನೂ ಹಿಡೀಲಿಲ್ಲ ಅವ್ವಾ ಅವ್ನು.”

“ಎಲ್ಲಿ ಹಿಡಿದಾನು! ನನ್ ಕೈಲಿ ಖಾರ ಅರೆಸಿ ಕೂರುಸ್ಬುಟ್ಟು ಓಗೋನು.”

ಇಬ್ಬರೂ ನಕ್ಕರು. ನಗುತ್ತಾ ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಾರು ಕುದಿಸಿ, ಮುದ್ದೆ ಕಟ್ಟಿ, ತಟ್ಟೆ ಮುಂದೆ ಕೂತರು. ಡ್ಯೂಟಿಯ ಅವಸರದಲ್ಲಿ ಗಡಿಯಾರ ನೋಡಿಕೊಂಡೇ ಉಂಡು ಏಳುತ್ತಿದ್ದ ಜ್ಯೋತಿಲಕ್ಷ್ಮಿ ಇವತ್ತು ನಿಧಾನಕ್ಕೆ ತುತ್ತು ಮುರಿದಳು. ಬಾಯಿಗಿಟ್ಟು ತಲೆಯೆತ್ತಿದರೆ, ಅವ್ವನ ಕೈ ತಟ್ಟೆಯ ಮೇಲೆ ಹಾಗೆಯೇ ನಿಂತಿತ್ತು. ಮಗಳ ಗಂಟಲಲ್ಲಿ ತುತ್ತು ಇಳಿದ ಮೇಲೆ ಆ ಕೈ ತನ್ನ ಮುದ್ದೆಯತ್ತ ಇಳಿಯಿತು.