ಇಪ್ಪತ್ತೊಂದನೇ ಪ್ರಶ್ನೆ

"ಮೂಗು ಹಿಡ್ಕೊಳ್ಳಿ, ಬಾಯಿ ಮುಚ್ಚಿ ಒಳಗೊಳಗೇ ಜೋರಾಗಿ ಊದಿ," ಎಂದರು ಡಾಕ್ಟರ್ ರೂಪಶ್ರೀ. ಭೀಮರಾಜ್ ಊದಿದ. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಕಿವಿತಮಟೆ ಚೆನ್ನಾಗಿದೆ. ಎರಡೂ ಕಿವಿ ಫಿಟ್," ಎಂದು ಫಾರಂನಲ್ಲಿ ಗುರುತು ಹಾಕಿದರು.

"ಇನ್ನೊಂದ್ಸಲ ನೋಡಿ ಮೇಡಂ."

ಬಟವಾಡಿಯ ಆ ಕ್ಲಿನಿಕ್ಕಿಗೆ ನೀರಿನಲ್ಲಿ ಮುಳುಗಿ ಕೆಲಸ ಮಾಡುವವನೊಬ್ಬ ತಪಾಸಣೆಗೆ ಬಂದದ್ದು ಅದೇ ಮೊದಲು. ಗುಬ್ಬಿ ಕಡೆಯ ಭೀಮರಾಜನಿಗೂ ಇದು ಹೊಸದು. ಹದಿನೆಂಟು ವರ್ಷದಿಂದ ಅವನು ಕೆರೆಗಳಲ್ಲಿ ಕಸ, ಕೆಸರು ಕಟ್ಟಿಕೊಂಡ ತೂಬು ಬಿಡಿಸುತ್ತಿದ್ದ. ಯಾರಾದರೂ ಮುಳುಗಿದರೆ ಹೆಣ ಎತ್ತಲು ಪೊಲೀಸರು ಕರೆಯುತ್ತಿದ್ದುದೂ ಅವನನ್ನೇ. ಇದುವರೆಗೆ ಯಾರೂ ಅವನ ನಾಡಿ ಹಿಡಿದು ನೋಡಿರಲಿಲ್ಲ. ಈಗ ತೂಬಿನ ಕೆಲಸ ಮಾಡಿಸುವ ಕಂಪನಿ, ಸರ್ಟಿಫಿಕೇಟ್ ಇಲ್ಲದವರನ್ನು ನೀರಿಗೆ ಇಳಿಸುವುದಿಲ್ಲ ಎಂದು ನಾಲ್ಕು ಪುಟದ ಫಾರಂ ಕೊಟ್ಟು ಕಳಿಸಿತ್ತು. ಸೋಮವಾರ ಕುಣಿಗಲ್ ಕಡೆ ಕೆಲಸ. ಸೂಪರ್‌ವೈಸರ್ ತಿಮ್ಮರಾಜು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ.

ಎದೆಯ ಫೋಟೋ ಚೆನ್ನಾಗಿತ್ತು. ಇಸಿಜಿ ಚೆನ್ನಾಗಿತ್ತು. ಕೊಳವೆಗೆ ಬಾಯಿಟ್ಟು ಊದಿಸಿದಾಗ ಯಂತ್ರ ತೋರಿಸಿದ ಅಂಕಿ ನೋಡಿ ಡಾಕ್ಟರೇ ಹುಬ್ಬೇರಿಸಿದರು. ಆದರೆ ಒಂದೊಂದಕ್ಕೂ ಫಿಟ್ ಅನ್ನಿಸಿಕೊಂಡಷ್ಟೂ ಭೀಮರಾಜನ ಮುಖ ಬಾಡುತ್ತ ಹೋಯಿತು.

"ಹೆದರ್ಕೋಬೇಡಿ, ಎಲ್ಲಾ ಚೆನ್ನಾಗೇ ಇದೆ."

"ಅದೇಯಾ ಮೇಡಂ," ಎಂದ ಅವನು. ಅವರಿಗೆ ಅರ್ಥವಾಗಲಿಲ್ಲ. ಫಾರಂನಲ್ಲಿ ಉಳಿದಿದ್ದ ಇಪ್ಪತ್ತೊಂದನೇ ಪ್ರಶ್ನೆ ಓದಿದರು. "ನೀರಿನೊಳಗೆ ಯಾವತ್ತಾದ್ರೂ ಗಾಬರಿ, ಗೊಂದಲ ಆಗಿದ್ಯಾ?"

"ಇಲ್ಲ." ಆಮೇಲೆ ಫಾರಂ ಕಡೆ ಬಗ್ಗಿ ನೋಡಿ, "ಹೂಂ ಅಂದ್ರೆ ಏನಾಯ್ತದೆ?" ಎಂದ.

"ಏನಾಯ್ತು ಅಂತ ಕೇಳಿ ಬರ್ಕೋಬೇಕಾಗುತ್ತೆ."

"ಹಂಗಾರೆ ಹೂಂ ಅಂತ ಬರ್ಕಳಿ. ಬ್ಯಾಡ ಬುಡಿ... ಬರ್ಕಳಿ." ಅವನು ನೆಲ ನೋಡುತ್ತ ಹೇಳತೊಡಗಿದ. "ಹೋದ ತಿಂಗ್ಳು ನಮ್ ಕಡೆ ಒಂದು ಕೆರೇಲಿ ಒಬ್ಬ ಮುಳುಗಿದ್ದ. ಕೆಸ್ರು ನೀರು, ಕಣ್ಣು ಕಾಣಲ್ಲ, ಕೈಯಲ್ಲೇ ತಡುಕ್ಬೇಕು. ಅವನ ಕೈ ಸಿಕ್ತು, ಹಿಡ್ಕಂಡೆ. ಅದೂ ನನ್ ಕೈ ಹಿಡ್ಕಂಡಂಗಾಯ್ತು. ಬಿಡುಸ್ಕಂಡು ಮ್ಯಾಕೆ ಬಂದ್ಬುಟ್ಟೆ."

"ಬಿದ್ದು ಎಷ್ಟು ಹೊತ್ತಾಗಿತ್ತು?"

"ಬೆಳಗ್ಗೆ ಬಿದ್ದವ್ನು. ನಾನು ಇಳ್ದಾಗ ಮದ್ಯಾನ ಆಗಿತ್ತು."

"ಹಾಗಾದ್ರೆ ಆಗ ಜೀವ ಇರೋಕೆ ಸಾಧ್ಯ ಇಲ್ಲ. ಕೈ ಹಿಡಿಯೋಕೂ ಆಗಲ್ಲ."

"ಗೊತ್ತು ಮೇಡಂ. ಅದಲ್ಲ. ಮ್ಯಾಕೆ ಬಂದಾಗ ಪೊಲೀಸ್ನೋರು ಏನಾಯ್ತೋ ಅಂದ್ರು. ಇಲ್ಲಿಲ್ಲ ಅಂದ್ಬುಟ್ಟೆ. ಯಾಕಂಗಂದೆ ಅಂತ ಇವತ್ತಿಗೂ ಗೊತ್ತಾಗ್ತಿಲ್ಲ."

ಆ ಮಾತು ಕೇಳಿ, ಕೆರೆ ಏರಿಯ ಮೇಲೆ ಕುಸಿದು ಕೂತಿದ್ದ ಮುಳುಗಿದವನ ಹೆಂಡತಿ ಎದ್ದು ನಿಂತಳಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಫೋನ್ ಮಾಡಿ, "ನೀರಲ್ಲಿ ಇಲ್ವಂತೆ ಕಣೇ, ಎಲ್ಲೋ ಹೋಗಿ ಕೂತವ್ನೆ, ಬರ್ಲಿ ಮಾಡ್ತೀನಿ," ಎಂದು ಗಂಡನನ್ನು ಬಾಯ್ತುಂಬ ಬೈದಳಂತೆ. ಬೈಯುತ್ತ ನಕ್ಕಳಂತೆ. ಆಮೇಲೆ ರಸ್ತೆಯ ಅಂಗಡಿಗೆ ತಾನೇ ಹೋಗಿ, ಚಳಿಗೆ ನಡುಗುತ್ತಿದ್ದ ಭೀಮರಾಜನಿಗೆ ಟೀ ತಂದು ಕೊಟ್ಟಳಂತೆ.

"ಕುಡಿದ್ರಾ?"

"ಕುಡುದೆ. ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದ್ಸಲ ಇಳ್ದೆ. ಅಲ್ಲೇ ಇದ್ದ. ಎತ್ಕಂಡು ಬಂದೆ. ಆಯಮ್ಮ ಅಳ್ಳಿಲ್ಲ, ನನ್ನೇ ನೋಡ್ತಿದ್ಲು."

ಡಾಕ್ಟರ್ ಫಾರಂ ತಿರುವಿ ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ಕಿವಿ, ಎದೆ, ಕಣ್ಣು, ಹಲ್ಲು ಎಲ್ಲಕ್ಕೂ ಒಂದೊಂದು ಚೌಕವಿತ್ತು. ಇದನ್ನು ಯಾವುದರಲ್ಲಿ ಬರೆಯುವುದೋ ತಿಳಿಯಲಿಲ್ಲ. ಒಂದು ಸಾರಿ ಆಡಿದ ಸುಳ್ಳಿಗೆ ಹದಿನೆಂಟು ವರ್ಷದ ಕೆಲಸ ನಿಲ್ಲಿಸುವುದೇ? ನಿಲ್ಲಿಸದೆ ಇನ್ನೊಮ್ಮೆ ಆ ಕತ್ತಲೆ ನೀರಿಗೆ ಕಳಿಸುವುದೇ?

"ನಿಮ್ಗೇನು ಬೇಕು ಹೇಳಿ. ಫಿಟ್ ಅಂತ ಬರೀಲಾ, ಬೇಡ್ವಾ?"

"ನಂಗೇ ಗೊತ್ತಾಗ್ತಿಲ್ಲ. ನಿಮ್ ಮಿಷನ್ನಲ್ಲಿ ಏನಾರ ಸಿಗ್ತದೇನೋ ಅಂದ್ಕಂಡಿದ್ದೆ."

ರೂಪಶ್ರೀ ಎರಡು ಸಲ ಪೆನ್ನು ಎತ್ತಿ ಇಟ್ಟರು. ಕೊನೆಗೆ, ಮೂರು ತಿಂಗಳು ನೀರಿಗೆ ಇಳಿಯಬಾರದು ಎಂದು ಬರೆದು ಸಹಿ ಮಾಡಿದರು. ಮನಸ್ಸಿನ ಡಾಕ್ಟರೊಬ್ಬರ ನಂಬರನ್ನು ಬೇರೆ ಚೀಟಿಯಲ್ಲಿ ಬರೆದುಕೊಟ್ಟರು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಅವರಿಗೇ ಖಾತ್ರಿಯಿರಲಿಲ್ಲ. ಭೀಮರಾಜ್ ಮಾತ್ರ ಹೊರೆ ಇಳಿಸಿದವನಂತೆ ಉದ್ದಕ್ಕೆ ಉಸಿರು ಬಿಟ್ಟ.

ಅಷ್ಟರಲ್ಲಿ ತಿಮ್ಮರಾಜು ಬಾಗಿಲು ತಳ್ಳಿಕೊಂಡು ಬಂದ. ಕಾಗದ ಇಸಿದುಕೊಂಡು ಕೊನೆಯ ಸಾಲಷ್ಟೇ ಓದಿ, "ಏನ್ಲಾ ಇದು? ಗುಂಡುಕಲ್ಲಂಗಿದೀಯ, ನಿಂಗೇನಾಗೈತೆ?" ಎಂದ.

"ಕಿವಿ," ಎಂದ ಭೀಮರಾಜ್. ಡಾಕ್ಟರ್ ಕಿವಿ ನೋಡುವ ಟಾರ್ಚನ್ನು ಮೇಜಿನ ಖಾನೆಗೆ ಹಾಕಿದರು.

ತಿಮ್ಮರಾಜು ಬೇರೆ ಆಳು ಹುಡುಕಲು ಫೋನ್ ಮಾಡುತ್ತ ಹೊರಗೆ ಹೋದ. ಭೀಮರಾಜ್ ಚಪ್ಪಲಿ ಮೆಟ್ಟಿ ಹೊರಟವನು ಹೊಸ್ತಿಲ ಬಳಿ ನಿಂತ. ಏನೋ ಲೆಕ್ಕ ತಪ್ಪಿದವನ ಹಾಗೆ ಹಿಂದಿರುಗಿ ನೋಡಿದ.

"ಹಂಗಾರೆ ಮೂರು ತಿಂಗ್ಳು ಯಾರೂ ಮುಳುಗ್ದೆ ಇರ್ಬೇಕು, ಅಲ್ವಾ ಮೇಡಂ?"