ಹನ್ನೆರಡು ಬೋಳುನೆತ್ತಿ

ಇಂದು ಸೂರಿಲ್ಲದೆ ಕುರಿಗಳ ಪಾಲಾಗಿರುವ ಇಂಗ್ಲೆಂಡಿನ ಒಂದು ಕ್ರೈಸ್ತ ಮಠ ಇನ್ನೂ ನೆಟ್ಟಗೆ ನಿಂತಿದ್ದ ಕಾಲ. ಹನ್ನೆರಡು ಸನ್ಯಾಸಿಗಳಿಲ್ಲದ ಮಠಗಳನ್ನೆಲ್ಲ ಮುಚ್ಚಿ ಕೆಡವುವಂತೆ ರಾಜಾಜ್ಞೆ ಹೊರಟಿತು. ಇಲ್ಲಿದ್ದವರೋ ಗುರುಗಳೂ ಸೇರಿ ನಾಲ್ಕೇ ಜನ.

ದೇವರ ಮೇಲೆ ಭಾರ ಹಾಕಿ ಸುಮ್ಮನೆ ಕೂರುವವರಲ್ಲ ಗುರುಗಳು. ಊರಿನಲ್ಲಿ ಕುರಿ ಕಾಯುವ ಎಂಟು ಜನರನ್ನು ಹಿಡಿದು ತಂದು, ನಡುನೆತ್ತಿ ಬೋಳಿಸಿ, ನಿಲುವಂಗಿ ತೊಡಿಸಿದರು.

“ಬಾಯಿ ಬಿಟ್ಟು ಕೆಡಿಸಬೇಡ್ರಪ್ಪಾ. ಪ್ರಾರ್ಥನೆ ಹೊತ್ತಲ್ಲಿ ಕೈಮುಗಿದು ಏನಾದ್ರೂ ಗೊಣಗ್ತಾ ಇರಿ, ಸಾಕು. ಮಠ ಉಳಿದ್ರೆ ನಾವಿಲ್ಲೇ ಮಾಡೋ ಬಿಯರಲ್ಲಿ ನಿಮಗೂ ಪಾಲು.”

ಹತ್ತಾರು ಮಠ ಸುತ್ತಿ ಬಂದಿದ್ದ ರಾಜನ ತನಿಖಾಧಿಕಾರಿ ನಸುಕಿನ ಪ್ರಾರ್ಥನೆಗೆ ಬಂದು ಕೂತ. ಕುರಿ ಕಾಯುವವರ ಗೊಣಗಾಟ ಕೇಳುತ್ತಾ ಗುರುಗಳ ಎದೆಯ ಭಾರ ಇಳಿಯಿತು. ಹಾಯಾಗಿ ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟಾಗ ಅಧಿಕಾರಿ ಎದುರಿಗೇ ನಿಂತಿದ್ದ.

“ಮಠ ಮುಚ್ಚಬೇಕಾಗುತ್ತೆ ಸ್ವಾಮಿ. ಎಂಟು ಜನ ನಕಲಿ.”

“ಎಂಥ ಮಾತು! ಅವರು ಎಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡ್ತಿದ್ರು, ನೀವೇ ನೋಡಿದ್ರಲ್ಲ?”

“ನೋಡಿದೆ. ಗೊರಕೆ ಹೊಡೀತಿದ್ದವರು ನೀವು ನಾಲ್ಕೇ ಜನ.”