ಹಳತಾಗದ ಬಣ್ಣ

ಅಡುಗೆಮನೆಯನ್ನು ಹೊಸದಾಗಿ ಮಾಡಿಸುವ ಮಾತು ಬಂದಾಗ ಪರಶಿವಯ್ಯನವರು ಬಾಯಿಬಿಟ್ಟು ಕೇಳಿದ್ದು ಒಂದೇ: ಕಬೋರ್ಡುಗಳ ಬಾಗಿಲು ನೀಲಿಯಾಗಿರಲಿ.

"ನೀಲೀನಾ? ಎರಡು ವರ್ಷಕ್ಕೆ ಹಳೇದಾಗ್ಬಿಡುತ್ತೆ ರೀ. ಮೊಮ್ಮಕ್ಕಳ ಕಾಲಕ್ಕೂ ಚೆನ್ನಾಗಿ ಕಾಣ್ಬೇಕು," ಎಂದರು ಹೆಂಡತಿ ಸರ್ವಮಂಗಳ.

ಆಮೇಲೆ ಊರಿನ ಒಂದು ಅಂಗಡಿಯನ್ನೂ ಆಕೆ ಬಿಡಲಿಲ್ಲ. ಹಲಸು ಬೇಡ, ತೇಗವೇ ಆಗಬೇಕು ಎಂದರು. ಬಾಗಿಲಿಗೆ ಅಂಟಿಸುವ ಶೀಟುಗಳಲ್ಲಿ ಕೆನೆಬಣ್ಣವೊಂದನ್ನೇ ಹತ್ತಾರು ಬಗೆಯಲ್ಲಿ ತರಿಸಿ, ಬಿಸಿಲಿಗೆ ಹಿಡಿದು, ದೀಪಕ್ಕೆ ಹಿಡಿದು, ಕೊನೆಗೆ ಗಂಡ ತೊಟ್ಟಿದ್ದ ಹಳೇ ಬನಿಯನ್ನಿನ ಪಕ್ಕ ಇಟ್ಟು ನೋಡಿ ಒಂದನ್ನು ಆರಿಸಿದರು. ಪರಶಿವಯ್ಯನವರು ನೀಲಿಯ ಆಸೆಯನ್ನು ನುಂಗಿಕೊಂಡು, ಬನಿಯನ್ನು ಅಲ್ಲಾಡದಂತೆ ನಿಂತಿದ್ದರು.

ಕೆಲಸ ಮುಗಿದ ದಿನ ಬಡಗಿ, ಗೀರು ಬೀಳದಿರಲೆಂದು ಕಂಪನಿಯವರೇ ಶೀಟಿನ ಮೇಲೆ ಅಂಟಿಸಿ ಕಳಿಸಿದ್ದ ನೀಲಿ ಪ್ಲಾಸ್ಟಿಕ್ಕನ್ನು ಸುಲಿಯಲು ಉಗುರು ಹಾಕಿದ.

"ಅಯ್ಯೋ, ಕೀಳ್ಬೇಡಪ್ಪಾ! ಒಗ್ಗರಣೆ ಹಾರಿ ಕೊಳೆಯಾಗುತ್ತೆ!" ಎಂದು ಸರ್ವಮಂಗಳ ಅಡ್ಡ ನಿಂತರು.

"ಇದು ತೆಗೆಯೋಕೇ ಇರೋದು ಕಣಮ್ಮಾ. ಒಳಗಿನ ಬಣ್ಣ ಕಾಣ್ಬೇಡ್ವಾ?"

"ಮಗಳ ಮದುವೆ ಹೊತ್ತಿಗೆ ತೆಗೆದರಾಯ್ತು ಬಿಡು."

ಮಗಳು ಆಗಿನ್ನೂ ಮೂರನೇ ಕ್ಲಾಸು.

ಸಂಜೆ ಹೊಸ ಅಡುಗೆಮನೆ ನೋಡಲು ಬಂದ ಪಕ್ಕದ ಮನೆಯ ಪ್ರಮೀಳಾ ಹೊಸಿಲಲ್ಲೇ ನಿಂತುಬಿಟ್ಟಳು.

"ಎಷ್ಟು ಚೆನ್ನಾಗಿದೆ ಮಂಗಳಕ್ಕಾ ಈ ನೀಲಿ! ಯಾರ ಸೆಲೆಕ್ಷನ್ನು?"

ಪರಶಿವಯ್ಯನವರು ಗಂಟಲು ಸರಿಮಾಡಿಕೊಂಡರು.

"ನಂದೇ," ಎಂದರು ಸರ್ವಮಂಗಳ. "ಇವರಿಗೆ ಬಣ್ಣದ ವಿಷಯ ಎಲ್ಲಿ ಗೊತ್ತಾಗುತ್ತೆ?"